ಡೈರೆಕ್ಟ್ ಇಲ್ಲ

ಕೌಂಟರಿನ ಇಮ್ತಿಯಾಜ್ ಕಂಪ್ಯೂಟರು ಕುಟ್ಟಿ ಕುಟ್ಟಿ
ಕೊನೆಗೆ ಅಂದ: ಗುತ್ಯಮ್ಮಕ್ಕ,
ಸೋಗಾನೆಯಿಂದ ತೇಜುಗೆ ಡೈರೆಕ್ಟ್ ಇಲ್ಲ.
ಮೂರು ಕಡೆ ಇಳಿದು ಹತ್ತಬೇಕು,
ಎರಡು ರಾತ್ರಿ ಕುರ್ಚಿಯ ಮೇಲೇ ತೂಕಡಿಸಬೇಕು,
ಅದೂ ಅಲ್ಲಿ ಮೋಡ ಮುಚ್ಚದಿದ್ದರೆ.
ಹಾರುವುದು ಒಟ್ಟು ಆರೇಳು ಗಂಟೆ,
ಮಿಕ್ಕಿದ್ದೆಲ್ಲ ಕಾಯುವುದು.

ಹೋಗಲಿಕ್ಕಲ್ಲ ಮಾರಾಯ, ಸುಮ್ಮನೆ ಕೇಳಿದೆ.
ಹದಿನಾರು ತಿಂಗಳಿಂದ ವಿಮಾನದ ಹೊಟ್ಟೆ ನೋಡಿದ್ದೇನೆ,
ಒಳಗೆ ಹೇಗಿರುತ್ತೋ ಕಂಡವಳಲ್ಲ.
ಟ್ರೈನಿಂಗಿಗೆ ದಿಲ್ಲಿಗೆ ಹೋಗಿದ್ದೂ ರೈಲಲ್ಲೇ.

ನನ್ನ ಕೆಲಸ ಹಕ್ಕಿ ಓಡಿಸುವುದು.
ಹಳದಿ ಕೋಟು, ಹೆಗಲಿಗೆ ಪಟಾಕಿ ಕೋವಿ.
ಹದ್ದು ಹೇಳಿದ ಮಾತು ಕೇಳುತ್ತದೆ.
ಬೆಳ್ಳಕ್ಕಿ ಸಾಲಾಗಿ ಎದ್ದು
ಸೆಂಟ್ರಲ್ ಜೈಲಿನ ಗೋಡೆಯಾಚೆ ಇಳಿಯುತ್ತದೆ, ಯಾರೂ ತಡೆಯುವುದಿಲ್ಲ.
ಟಿಟ್ಟಿಭ ಮಾತ್ರ ತಿರುಗಿ ನನ್ನನ್ನೇ ಬೈಯುತ್ತದೆ.
ಬೈಯಲಿ. ಅದರ ಅಜ್ಜಿ ಮೊಟ್ಟೆ ಇಟ್ಟ ಕಲ್ಲುನೆಲದ ಮೇಲೆ
ನಾವು ಡಾಂಬರು ಹಾಕಿದ್ದೇವೆ.

ತೇಜುವಿನಲ್ಲಿ ಇದೇ ಕೆಲಸ ಬಾಸಿಲು ತಾಯಾಂಗಳದು.
ಹನ್ನೊಂದು ದಿನ ಒಂದೇ ಕೋಣೆ, ಒಂದೇ ಬಕೆಟ್ಟು.
ಅವಳ ಹಿಂದಿ ಅಷ್ಟಕ್ಕಷ್ಟೆ, ನನ್ನದೂ ಅಷ್ಟಕ್ಕಷ್ಟೆ;
ಇಬ್ಬರ ತಪ್ಪೂ ಒಂದೇ ಥರ ಇದ್ದುದರಿಂದ
ಮಾತಿಗೆ ಎಲ್ಲೂ ಎಡವಟ್ಟಾಗಲಿಲ್ಲ.
ನಮ್ಮ ಗುರೆಳ್ಳು ಚಟ್ನಿಪುಡಿಯನ್ನು ಅವಳು
ಬರಿದೇ ಅಂಗೈಯಲ್ಲಿ ಹಾಕಿಕೊಂಡು ನೆಕ್ಕುತ್ತಿದ್ದಳು.

ಮಗಳ ಗ್ಲೋಬಿನ ಮೇಲೆ ದಾರ ಹಿಡಿದು ಅಳೆದೆ.
ಅವಳ ಊರೂ ಇಲ್ಲ, ನಮ್ಮದೂ ಇಲ್ಲ ಅದರಲ್ಲಿ,
ಪೆನ್ನಿನಲ್ಲಿ ನಾನೇ ಎರಡು ಚುಕ್ಕೆ ಇಟ್ಟೆ.
ಎರಡು ಸಾವಿರದ ಆರುನೂರ ಐವತ್ತು ಕಿಲೋಮೀಟರು,
ದಾರದ ದಪ್ಪ ಬಿಟ್ಟು.
ನಮ್ಮ ರನ್‌ವೇ ಮೂರು ಸಾವಿರದ ಇನ್ನೂರು ಮೀಟರು,
ದಿನಕ್ಕೆ ನಾಲ್ಕು ಸಲ ತುಳಿಯುತ್ತೇನೆ.
ಭಾಗಿಸಿದರೆ ಇನ್ನೂರ ಏಳು ದಿನ.
ರಜೆ ಕಳೆದು ನೋಡಿದರೆ
ನನ್ನ ಕಾಲು ತೇಜು ಮುಟ್ಟಿ, ವಾಪಸೂ ಬಂದಾಗಿದೆ.
ನನಗೇ ತಿಳಿಸಿಲ್ಲ.

ಗಡಿಯಾರ ಇಬ್ಬರಿಗೂ ಒಂದೇ.
ಆದರೂ ನಾನು ಕತ್ತಲಲ್ಲಿ ಬೂಟಿನ ಲಾಡಿ ಕಟ್ಟುವಾಗಲೇ
ಅವಳ ಫೋಟೊ ಬಂದಿರುತ್ತದೆ:
ಗಾಳಿಚೀಲ, ಅದರ ಬಾಯಿ ತುಂಬ ಬಿಸಿಲು,
ಕೆಳಗೆ ಎರಡೇ ಮಾತು, "ನಿಕಲ್ ಗಯಾ."
ಅಲ್ಲಿಂದ ಹೊರಟ ಸೂರ್ಯ ಇಲ್ಲಿಗೆ ಬರಲು
ಡಿಸೆಂಬರಿನಲ್ಲಿ ಒಂದು ಗಂಟೆಗೆ ಕೊಂಚ ಕಮ್ಮಿ,
ಜೂನಿನಲ್ಲಿ ಒಂದೂಮುಕ್ಕಾಲು.
ನಡುವೆ ಎಲ್ಲೂ ನಿಲ್ಲುವುದಿಲ್ಲ.
ಇಮ್ತಿಯಾಜನ ಕಂಪ್ಯೂಟರಿಗೆ ಇದು ಗೊತ್ತಿಲ್ಲ.

ಮಳೆಗಾಲದಲ್ಲಿ ಅದೂ ಇಲ್ಲಿ ಇಳಿಯುವುದಿಲ್ಲ.
ಮೋಡದ ಮೇಲೇ ಹಾದು ಕಡಲಿಗೆ ಹೋಗುತ್ತದೆ.
ಆಗ ನಾನು ಬರೆಯುತ್ತೇನೆ: ಕಾದೆ, ಕಾಣಲಿಲ್ಲ.
ನಾಳೆ ಕಳಿಸುತ್ತೇನೆ, ಅಂತ ಅವಳು.

ಇವತ್ತು ಬೇಲಿಯ ಮೇಲೆ ಕೆಂಪಗೆ ಏನೋ ಕೂತಂತಾಗಿ
ಕೋವಿ ಎತ್ತಿದ್ದೆ.
ಇಳಿಸಿದೆ.
ಭದ್ರಾವತಿ ಕಡೆಯ ಗುಡ್ಡ ದಾಟಿ, ಹನ್ನೊಂದು ನಿಮಿಷ ಲೇಟು,
ಡಾಂಬರಿನುದ್ದಕ್ಕೂ ಸದ್ದಿಲ್ಲದೆ ಬಂದು
ನನ್ನ ಬೂಟಿನ ತುದಿಗೆ ನಿಂತಿತು.
ರಿಜಿಸ್ಟರಿನಲ್ಲಿ ಇದಕ್ಕೆ ಕಾಲಂ ಇಲ್ಲ.
ಆರು ಐವತ್ತನಾಲ್ಕು, ರನ್‌ವೇ ಖಾಲಿ,
ಎಂದು ಬರೆದು ಸಹಿ ಹಾಕಿದೆ.