ತಿಂಗಳ ಕಂತು

ಹೋಮಾ ಬೇ ದಡಕ್ಕೆ ನಾನು ಹೋದದ್ದು
ದೀಪ ಎಣಿಸಲಿಕ್ಕೆ.
ಕಿಸುಮುವಿನ ನಮ್ಮ ಬ್ಯಾಂಕು ಹಸಿರು ಸಾಲದಲ್ಲಿ ಹಂಚಿದ
ನಾನೂರ ಹನ್ನೆರಡು ಸೌರದೀಪ.
ಒಂದೊಂದರ ಹೊಟ್ಟೆಯಲ್ಲೂ ಒಂದು ಸಿಮ್ಮು:
ಕಂತು ಬಂದರೆ ಬೆಳಕು, ಬರದಿದ್ದರೆ ಬೀಗ.
ಬೀಗದ ಕೈ ಎಲ್ಲಿದೆಯೋ ನನಗೂ ಗೊತ್ತಿಲ್ಲ,
ಯಾವುದೋ ದೇಶದ ಸರ್ವರಿನಲ್ಲಿದೆಯಂತೆ.

ಇಲ್ಲಿಯ ಮೀನು ಒಮೆನಾ, ಕಿರುಬೆರಳಿಗಿಂತ ಸಣ್ಣದು.
ಕತ್ತಲಲ್ಲಿ ನೀರಿನ ಮೇಲೆ ದೀಪ ತೇಲಿಬಿಟ್ಟರೆ
ಮೊದಲು ಹುಳ ಬರುತ್ತದೆ, ಹುಳದ ಹಿಂದೆ ಮೀನು,
ಮೀನಿನ ಹಿಂದೆ ಬಲೆ,
ಬಲೆಯ ಹಿಂದೆ ದೋಣಿ,
ದೋಣಿಯ ಹಿಂದೆ, ಸ್ವಲ್ಪ ದೂರದಲ್ಲಿ, ನಾವು.

ಟ್ಯಾಬ್ಲೆಟ್ ಹೇಳಿತು: ಅಪೊಂಡಿ, ಖಾತೆ ಕೆಂಪು.
ಹತ್ತು ತಿಂಗಳಲ್ಲಿ ಹತ್ತು ಸಲ ಸುಸ್ತಿ,
ಪ್ರತಿ ಸಲವೂ ಆರು ದಿನ, ಇಲ್ಲವೇ ಏಳು.
ರೂಢಿಗತ ಸುಸ್ತಿದಾರಳು ಎಂದು ಯಂತ್ರ ಹೆಸರಿಟ್ಟಿತ್ತು.

ಅವಳು ಹರಿದ ಬಲೆಯ ಮೇಲೆ ಮೀನು ಹರಡುತ್ತಿದ್ದಳು.
ತಲೆಯೆತ್ತದೆಯೇ ಕೇಳಿದಳು:
"ಹುಣ್ಣಿಮೆಯ ವಾರ ಸರೋವರಕ್ಕೆಲ್ಲ ಅವನೇ ದೀಪ.
ನಮ್ಮ ಮಿಣುಕಿಗೆ ಯಾವ ಮೀನು ಬಂದೀತು?
ದೋಣಿ ಬೋರಲು ಹಾಕಿ ಮಲಗುತ್ತೇವೆ.
ನಿಮ್ಮ ಫೋನು ಒಮ್ಮೆಯೂ ಮೇಲೆ ನೋಡುವುದಿಲ್ಲವೇ?"

ನಮ್ಮ ಮಾತಿನಲ್ಲಿ ಚಂದ್ರನಿಗೂ ಮೂವತ್ತು ದಿನಕ್ಕೂ
ಒಂದೇ ಹೆಸರು, ತಿಂಗಳು.
ಬ್ಯಾಂಕಿಗೆ ಸೇರಿದ ಮೇಲೆ ನನ್ನ ಬಳಿ ಉಳಿದದ್ದು
ಒಂದೇ ಅರ್ಥ, ಸಂಬಳದ್ದು.

ಕಾರಣ ಬರೆಯುವ ಕಲಮಿನಲ್ಲಿ
ರೋಗವಿತ್ತು, ವಲಸೆಯಿತ್ತು, ವಂಚನೆಯಿತ್ತು.
ಚಂದ್ರನಿರಲಿಲ್ಲ.
'ಇತರೆ' ಒತ್ತಿದೆ. ಏನು ಇತರೆ ಎಂದು ಕೇಳಿತು.
ಬೆಳದಿಂಗಳು ಎಂದು ಬರೆದೆ.
ಅಮಾನ್ಯ ಎಂದಿತು.

ನೈರೋಬಿಗೆ ಫೋನು ಮಾಡಿದೆ. ಮುಸ್ಯೋಕಿ ಒಳ್ಳೆಯವನು,
ತಾಳ್ಮೆಯಿಂದ ವಿವರಿಸಿದ:
ನಮ್ಮ ಮಾದರಿಗೆ ಬರ ಗೊತ್ತು, ನೆರೆ ಗೊತ್ತು,
ಇನ್ನು ಮೂವತ್ತು ವರ್ಷಕ್ಕೆ ನೀರು ಎಷ್ಟು ಏರೀತೆಂಬುದೂ ಗೊತ್ತು.
ಚಂದ್ರನನ್ನು ಯಾರೂ ಕೇಳಿರಲಿಲ್ಲ,
ಮುಂದಿನ ಆವೃತ್ತಿಯಲ್ಲಿ ನೋಡೋಣ.

ಅಷ್ಟರಲ್ಲಾಗಲೇ ಚಂದ್ರ ಸವೆದಿದ್ದ.
ಕತ್ತಲು ಮರಳಿತ್ತು, ಮೀನೂ ಮರಳಿತ್ತು,
ಬೀಗವೊಂದು ಹಾಗೇ ಇತ್ತು.
ಬಾಕಿ ಕಟ್ಟಲು ಮೀನು ಬೇಕು, ಮೀನಿಗೆ ದೀಪ ಬೇಕು,
ದೀಪಕ್ಕೆ ಬಾಕಿ ಕಟ್ಟಬೇಕು.
ಅವಳ ತಮ್ಮ ಒಬುಯಾ ಮೂಲೆಯಿಂದ ಹುಡುಕಿ ತೆಗೆದಿದ್ದ
ಅಪ್ಪನ ಕಾಲದ ಸೀಮೆಎಣ್ಣೆ ದೀಪ.
ಗಾಜಿನ ಮಸಿ ಇನ್ನೂ ಅವನ ಬೆರಳಲ್ಲಿತ್ತು.
ಅವನು ಬಚ್ಚಿಡಲಿಲ್ಲ.
ನಾನು ನೋಡಲಿಲ್ಲ.

ವರದಿಯಲ್ಲಿ ಆ ಮನೆಯ ಎದುರಿಗೆ ಈಗಲೂ ಇದೆ,
ಸೀಮೆಎಣ್ಣೆ ಉಳಿತಾಯ ನಲವತ್ತೊಂದು ಲೀಟರು.
ಉರಿಯದ ದೀಪವೂ ಲೆಕ್ಕದಲ್ಲಿ ಹಸಿರೇ.
ಡಿಸೆಂಬರಿನ ನನ್ನ ಬೋನಸ್ಸು
ಆ ಹಸಿರಿನದೇ ಒಂದು ಚಿಗುರು.

ಹೊರಡುವಾಗ ಎರಡು ಡಬ್ಬಿ ಒಣಮೀನು ಕೊಂಡೆ.
ಫೋನಿನಲ್ಲೇ ಕಳಿಸಿದೆ, ಮುನ್ನೂರ ಅರವತ್ತು ಶಿಲಿಂಗು.
ಅವಳ ಫೋನು ಟಿಂಗೆಂದಿತು. ಹಿಂದೆಯೇ ಮತ್ತೊಮ್ಮೆ.
ಮೊದಲನೆಯದು ಬಂತು ಎಂದದ್ದು,
ಎರಡನೆಯದು ಹೋಯಿತು ಎಂದದ್ದು.
ಗೂಟಕ್ಕೆ ನೇತುಬಿದ್ದ ದೀಪ
ಸುಡುಸುಡು ಮಧ್ಯಾಹ್ನದಲ್ಲಿ
ಹೊತ್ತಿಕೊಂಡಿತು.
ಹೊತ್ತಿದ್ದು ಹೌದೋ ಅಲ್ಲವೋ ತಿಳಿಯಲು
ಅಪೊಂಡಿ ಹತ್ತಿರ ಹೋಗಿ
ಮೀನಿನ ಹುರುಪೆ ಅಂಟಿದ ಅಂಗೈಯಿಂದ
ಸೂರ್ಯನನ್ನು ಮರೆಮಾಡಬೇಕಾಯಿತು.