ಒಂದಕ್ಷರ

ಗ್ದಾನ್ಸ್ಕ್‌ನ ಹಳೇ ಹಡಗುಕಟ್ಟೆಯ ಶೆಡ್ಡಿನಲ್ಲಿ
ಹೊಸಬ ಮೈಕ್ ಹಿಡಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.
ವಿತೋಲ್ಡ್ ಬೆನ್ನು ತಿರುಗಿಸಿ ಬಿಯರ್ ಕುಡಿದ.
"ಟಿಕೆಟ್ಟು ಮೊದಲೇ ಕೊಂಡಿದ್ದೆ, ಅದಕ್ಕೆ ಬಂದೆ" ಅಂದ,
ಕೇಳದವರಿಗೂ.

ಹುಡುಗನ ಗಂಟಲಲ್ಲಿ ಸಿಗರೇಟಿಲ್ಲ, ಕೆಮ್ಮಿಲ್ಲ,
ತೊಳೆದಿಟ್ಟ ಗಾಜಿನ ಲೋಟ.
ಹಳಬ ಅರ್ಧ ನುಂಗಿಬಿಡುತ್ತಿದ್ದ ಸಾಲನ್ನು
ಇವನು ಬಿಡಿಸಿ ಬಿಡಿಸಿ ಹಾಡಿದ:
ನಿನ್ನ ತುಟಿಯ ಮೇಲೆ ಉಪ್ಪು.

ಉಪ್ಪೆ?
ಇಪ್ಪತ್ತೆರಡು ವರ್ಷ ನಾವು ಕಿರುಚಿದ್ದು ನೋವು ಎಂದು.
ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಅಕ್ಷರದ ದೂರ.
ಮದುವೆಗಳಲ್ಲಿ, ವಿತೋಲ್ಡನ ತಮ್ಮನ ಮಣ್ಣಿನ ದಿನ,
ನೋವೆಂದೇ ಹಾಡಿದ್ದೆವು.

"ಸುಳ್ಳು ಹಾಡ್ತಾನೆ!" ಯಾರೋ ಕೂಗಿದರು.
ಗಿಟಾರಿನವ ತಲೆ ತಗ್ಗಿಸಿದ.
ಅವನಿಗೆ ಮೊದಲಿಂದಲೂ ಗೊತ್ತಿತ್ತು.

ಬೋಗುಮಿವಾ ಮಾತ್ರ ಸುಮ್ಮನೆ
ಮುಂಗೈಯ ಹಚ್ಚೆ ಮುಚ್ಚುವಂತೆ
ಸ್ವೆಟರಿನ ತೋಳೆಳೆದುಕೊಂಡಳು.