ಮುಕ್ಕಾಲು

ವಾಲ್ಪರೈಸೋದ ಈ ಗುಡ್ಡದಲ್ಲಿ ಸಮತಟ್ಟು ಅಂತಿರುವುದು
ನನ್ನ ಅಂಗಡಿಯ ಮೇಜೊಂದೇ.
ಉಳಿದದ್ದೆಲ್ಲ ಮೆಟ್ಟಿಲು.
ಮೆಟ್ಟಿಲು ಅಟ್ಟೆಯನ್ನು ಸವೆಸುತ್ತದೆ,
ಅಟ್ಟೆ ಸವೆದರೆ ನನಗೆ ಊಟ.

ಮೂವತ್ತೆಂಟು ವರ್ಷದಿಂದ ಬೂಟು ಬೋರಲು ಹಾಕಿ
ಜನರನ್ನು ಓದಿದ್ದೇನೆ.
ಮೀನು ಮಾರುವ ನಿನ್ಫಾಳ ಗಂಡ ಸತ್ತ ವರ್ಷ
ಅವಳ ಎಡ ಹಿಮ್ಮಡಿ ಮಾತ್ರ ಸವೆದಿತ್ತು.
ಯಾಕೆಂದು ಕೇಳಲಿಲ್ಲ. ಹೊಲಿದುಕೊಟ್ಟೆ.

ಬೆಕ್ಕನ್ನು ಓದಲು ತಡವಾಯಿತು.

ಹೆಸರು ತಾಚ್ವೇಲಾ. ನಮ್ಮಲ್ಲಿ ಹಾಗಂದರೆ
ಅಟ್ಟೆಗೆ ಹೊಡೆಯುವ ಗಿಡ್ಡ ಮೊಳೆ.
ಬಂದಾಗಲೇ ಮುಂದಿನ ಎಡಗಾಲಿರಲಿಲ್ಲ.
ಗುಡ್ಡ ಹತ್ತುವ ಹಳಿಗಾಡಿಗೆ ಸಿಕ್ಕಿತೆಂದು ಒಬ್ಬರು,
ನಾಯಿ ಎಂದು ಇನ್ನೊಬ್ಬರು;
ಅವಳಂತೂ ಈ ಬಗ್ಗೆ ಬಾಯಿ ಬಿಟ್ಟಿಲ್ಲ.
ನಾಲ್ಕರಲ್ಲಿ ಒಂದು ಹೋದರೆ ಮುಕ್ಕಾಲು ಉಳಿಯುತ್ತದೆ,
ಲೆಕ್ಕ ಸರಿ.
ತೂಕಕ್ಕೆ ಆ ಲೆಕ್ಕ ಗೊತ್ತಿಲ್ಲ.
ಮುಂದಿನರ್ಧ ಬೆಕ್ಕು ಪೂರ್ತಿ
ಒಂದೇ ಪಾದದ ಮೇಲೆ ಇಳಿಯುತ್ತದೆ
ಪ್ರತಿ ಮೆಟ್ಟಿಲಿಗೂ, ಟಪ್.

ಮೊದಲ ಸಲ ಮಾರ್ಚಿನಲ್ಲಿ. ಪಾದ ಊದಿ
ಹುಳಿ ಬಂದ ಹಿಟ್ಟಿನ ಉಂಡೆಯಾಗಿತ್ತು.
ಗುರುವಾರ ಚರ್ಚಿನ ಹಿಂದಿನ ಕೋಣೆಗೆ ಬರುವ ಡಾಕ್ಟರ್ ಯನೀರಾ
ದೀಪದಡಿ ಹಿಡಿದು ತೋರಿಸಿದಳು:
ಉಗುರು ಬೆಳೆದು, ಬಾಗಿ,
ತನ್ನದೇ ಮೆತ್ತೆಯೊಳಕ್ಕೆ ಇಳಿದಿದೆ.
ಕತ್ತರಿಸಿದಳು. ಕೀವು ತೊಳೆದಳು.
ಏಳು ದಿನ ಮಾತ್ರೆ; ಮಾತ್ರೆಯ ಬೆನ್ನಿಗೇ ನೀರು,
ಇಲ್ಲದಿದ್ದರೆ ಗಂಟಲು ಸುಡುತ್ತದೆ.
ಫೀಸು: ಡಾಕ್ಟರ ಬೂಟಿಗೆ ಹೊಸ ಅಟ್ಟೆ.

ಜೂನಿನಲ್ಲಿ ಮತ್ತೆ. ಅಕ್ಟೋಬರಿನಲ್ಲಿ ಮತ್ತೆ.
ಡಾಕ್ಟರಲ್ಲಿ ಈಗ ಗಟ್ಟಿ ಬೂಟು ಮೂರು ಜೊತೆ.

ನಾನೂ ಸುಮ್ಮನಿರಲಿಲ್ಲ. ಆಡಿನ ತೊಗಲಿನಲ್ಲಿ
ಹೆಬ್ಬೆರಳಷ್ಟು ಬೂಟು ಹೊಲಿದೆ, ಒಳಗೆ ಉಣ್ಣೆ.
ಅಷ್ಟು ಸಣ್ಣ ಹೊಲಿಗೆ ಈ ಕೈಯಿಂದ ಬಂದದ್ದು
ಮಗಳು ನಡೆಯಲು ಕಲಿತ ವರ್ಷ, ಬಿಟ್ಟರೆ ಈಗ.
ತಾಚ್ವೇಲಾ ಅದನ್ನು ತೊಟ್ಟು ಹಿಂದು ಹಿಂದಕ್ಕೆ ನಡೆದಳು,
ಗೋಡೆ ತಾಗುವವರೆಗೆ.
ಹಲ್ಲಲ್ಲಿ ಕಿತ್ತು ಅಂಟಿನ ಡಬ್ಬಿಗೆ ಹಾಕಿದಳು.
ಎರಡನೆಯದನ್ನೂ. ಐದನೆಯದನ್ನೂ.
"ಸಾಕು ಬಿಡಿ ಡೋನ್ ಬಾಲ್ದೋಮೇರೋ," ಎಂದಳು ನಿನ್ಫಾ,
"ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜಾತಿ ನೀವು."
ಹಟವಲ್ಲ ನಿನ್ಫಾ. ಎಣಿಸಿ ನೋಡು.
ಮೂರೇ.

ಮರುವರ್ಷದ ಜುಲೈ, ಸೀಮೆಎಣ್ಣೆ ಒಲೆಯ ಪಕ್ಕ,
ನಿದ್ದೆ ಬಾರದ ಒಂದು ರಾತ್ರಿ ಕಂಡೆ:
ತೊಗಲಿನ ಸುರುಳಿಯ ಮುಂದೆ ನಿಂತು
ಕೆರೆಯಲೆಂದು ಪಾದ ಎತ್ತಿದಳು.
ಎತ್ತಿದ್ದೇ ಮುಗ್ಗರಿಸಿ ಗಲ್ಲ ನೆಲಕ್ಕೆ.
ಎದ್ದಳು. ಎತ್ತಿದಳು. ಗಲ್ಲ.
ಕೆರೆಯಬೇಕಾದ ಕಾಲೇ ನಿಲ್ಲಬೇಕಾದ ಕಾಲು.
ಜಗಳಕ್ಕಾದರೂ ಕಾಲು ಕೆರೆಯುವ ಸುಖ ಅವಳಿಗಿಲ್ಲ,
ಸಿಪ್ಪೆ ಕಳಚದೆ ಉಗುರು ಇನ್ನೆಲ್ಲಿ ಹೋದೀತು?
ಬಿದ್ದೇ ಇಲ್ಲವೆಂಬಂತೆ ಬೆನ್ನು ನೆಕ್ಕಿಕೊಂಡಳು.
ಎಷ್ಟು ರಾತ್ರಿಗಳಿಂದ ನಡೆದಿತ್ತೋ ಇದು.

ನನ್ನ ಮಂಡಿಗೆ ಅರವತ್ತೊಂಬತ್ತು. ಆದರೂ ನೆಲಕ್ಕಿಳಿದು
ಅವಳ ಎದೆಯಡಿಗೆ ಅಂಗೈ ಕೊಟ್ಟೆ,
ಎಡಗಾಲು ಇರಬೇಕಾದ ಕಡೆಯಿಂದ.
ಮೊದಲು ಕಚ್ಚಿದಳು. ನ್ಯಾಯವೇ.
ಆಮೇಲೆ ಒಂದೊಂದೇ ತೊಲ ತೂಕ ಬಿಟ್ಟಳು,
ಜಿಪುಣ ಸಾಲಕ್ಕೆ ನೋಟು ಬಿಡುವ ಹಾಗೆ.
ಪಾದ ಎದ್ದಿತು.
ಚರ್ರ್.
ಇಪ್ಪತ್ತು ಸಾವಿರ ಪೆಸೊದ ಕರುವಿನ ತೊಗಲು.
ಚರ್ರ್, ಚರ್ರ್. ಹರಿಯಲಿ.
ಎದೆಗೂಡಿನ ಗುರುಗುರು ಅಂಗೈಗೆ ಮೊದಲು ತಿಳಿಯಿತು,
ಕಿವಿಗೆ ಆಮೇಲೆ.
ಬೆಳಗ್ಗೆ ತೊಗಲಲ್ಲಿ ಸಿಕ್ಕಿಕೊಂಡಿತ್ತು ಉಗುರಿನ ಸಿಪ್ಪೆ,
ಬಾಗಿದ, ಟೊಳ್ಳಾದ, ಗಿಡ್ಡ ಮೊಳೆ.

ಗುಣವಾಯಿತೆನ್ನಲಾರೆ. ಆಗಸ್ಟಿನಲ್ಲಿ ಪಾದ ಮತ್ತೆ ಬಿಸಿ.
ಈ ಸಲ ಉಗುರಲ್ಲ, ಮೆತ್ತೆಯೇ ಭಾರಕ್ಕೆ ಬಿರಿದಿತ್ತು.
ಮೀನಿನ ಬುಟ್ಟಿಯಲ್ಲಿ ಅವಳು, ಸಾಲಿನಲ್ಲಿ ನಾನು.
"ಇದು ಬರ್ತಾನೇ ಇರುತ್ತೆ," ಎಂದಳು ಯನೀರಾ.
ಅಟ್ಟೆಯೂ ಹಾಗೇ, ಎಂದೆ.
ಬಗ್ಗಿದಾಗ ಕಂಡಿತು: ಡಾಕ್ಟರ ಬಲ ಬೂಟು ಹೊರಗಂಚಿಗೆ ಸವೆಯುತ್ತಿದೆ,
ಯಾರನ್ನೋ ಎತ್ತಿಕೊಂಡೇ ಮೆಟ್ಟಿಲು ಹತ್ತುವವರ ಸವೆತ.
ಕೇಳಲಿಲ್ಲ.

ರಾತ್ರಿ ಒಂಬತ್ತೂಕಾಲಿಗೆ ಅಂಗಡಿ ಮುಚ್ಚುತ್ತೇನೆ.
ಸುರುಳಿಯ ಮುಂದೆ ಆಗಲೇ ಕೂತಿರುತ್ತಾಳೆ,
ನನ್ನ ಕಡೆ ನೋಡುವುದಿಲ್ಲ.
ಮಂಡಿಯೂರುವ ಸದ್ದಿಗೆ ಕಿವಿ ಮಾತ್ರ ಹಿಂದಕ್ಕೆ ತಿರುಗುತ್ತದೆ.